ಮೂವತ್ತೊಂದರ ಮರುದಿನ

ಬೈಲಹೊಂಗಲದ ಬಜಾರ ರಸ್ತೆಯಲ್ಲಿ ನಮ್ಮ ಮನೆಯ ಕಂಪೌಂಡಿಗೆ ತಾಗಿ ಒಂದು ಬೇವಿನ ಗಿಡವಿದೆ. ಇಪ್ಪತ್ತಾರು ವರ್ಷ ಆ ಗಿಡದ ಕೆಳಗೆ ದಿನಾ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದವನು ಮಲಕಾಜಪ್ಪ. ಅವನದು ನೇಸರಗಿಗೆ ಜನರನ್ನು ಒಯ್ಯುವ ಟಂಟಂ, ಮೂರು ಗಾಲಿಯ ಡೀಸೆಲ್ ಗಾಡಿ. ಈಗ ಅಲ್ಲಿ ಅವನು ಪಾಳಿಗೆ ನಿಲ್ಲುವಂತಿಲ್ಲ. ಪೇಟೆಯ ವಾಹನ ನಿಲುಗಡೆಯ ಆದೇಶದಲ್ಲಿ ಹಾಗೆಂದು ಬರೆದಿದೆ. ಆ ಆದೇಶ ಬರಲೆಂದು ಓಡಾಡಿದವನು ಅವನೇ. ಅದಕ್ಕಾಗಿ ಕೊಟ್ಟ ಅರ್ಜಿಯಲ್ಲಿ ಮೊದಲ ಸೈ ಅವನದೇ. ಇದು ಹೇಗಾಯಿತೆಂದು ಊರಲ್ಲಿ ನಾಲ್ಕು ಬಗೆಯಾಗಿ ಹೇಳುತ್ತಾರೆ. ನಾನು ಕಂಡದ್ದನ್ನು ಮತ್ತು ಅವನ ಬಾಯಿಂದ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಮಲಕಾಜಪ್ಪನಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ನೇಸರಗಿಯಲ್ಲಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ. ಅಂಕಿ ಚೆನ್ನಾಗಿ ಬರುತ್ತದೆ. ಊರ ಹೆಸರು, ಅಂಗಡಿಯ ಫಲಕ, ಬಸ್ಸಿನ ಬೋರ್ಡು ಓದುತ್ತಾನೆ. ಒತ್ತೊತ್ತಾಗಿ ಟೈಪು ಮಾಡಿದ ಹಾಳೆ ಕೊಟ್ಟರೆ ಮೊದಲ ಸಾಲಿನಲ್ಲೇ ನಿಂತುಬಿಡುತ್ತಾನೆ. ಇದನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ. ಹಾಳೆಯನ್ನು ದೂರ ಹಿಡಿದು, ಸ್ವಲ್ಪ ಹೊತ್ತು ನೋಡಿ, "ಚಾಳೀಸ ಮನ್ಯಾಗ ಐತ್ರಿ" ಎನ್ನುತ್ತಾನೆ. ಓದುವ ಕನ್ನಡಕವೇ ಅವನ ಹತ್ತಿರ ಇಲ್ಲವೆಂದು ಅವನ ಹೆಂಡತಿ ಬಾಯವ್ವ ನನಗೆ ಹೇಳಿದ್ದಾಳೆ.

ಅವನ ಹೆಸರು ನಡೆದದ್ದು ಪಾಳಿಯಿಂದ. ಅವನು ಗಾಡಿ ಹಚ್ಚಿದ ಹೊಸದರಲ್ಲಿ ಇಲ್ಲಿ ಪ್ಯಾಸಿಂಜರ್ ಎಳೆದಾಡುವ ಜಗಳ ದಿನಾ ಇತ್ತು. ಒಮ್ಮೆ ಇಬ್ಬರು ಡ್ರೈವರರು ಜಾಕಿಯ ರಾಡು ತೆಗೆದುಕೊಂಡು ತಲೆ ಒಡೆದುಕೊಂಡರು. ಮರುದಿನ ಮಲಕಾಜಪ್ಪ ಎಣ್ಣೆಯ ಡಬ್ಬಿ ಕತ್ತರಿಸಿ ಬಿಲ್ಲೆ ಮಾಡಿದ, ಮೊಳೆಯಿಂದ ಒಂದೊಂದರ ಮೇಲೂ ಅಂಕಿ ಕುಟ್ಟಿದ, ಎಲ್ಲವನ್ನೂ ಒಂದು ತಂತಿಗೆ ಪೋಣಿಸಿದ. ಮೊದಲು ಬಂದವನಿಗೆ ಒಂದನೇ ಬಿಲ್ಲೆ, ಆಮೇಲೆ ಬಂದವನಿಗೆ ಎರಡನೆಯದು. ಗಾಡಿ ತುಂಬಿ ಹೊರಡುವಾಗ ಬಿಲ್ಲೆ ಮರಳಿ ತಂತಿಗೆ. ಸವದತ್ತಿಯ ಗುಡ್ಡದಿಂದ ಎಲ್ಲಮ್ಮನ ಭಂಡಾರ ತರಿಸಿ, ಆ ಅರಿಷಿಣದ ಪುಡಿ ಮುಟ್ಟಿಸಿ ಎಲ್ಲರಿಂದ ಆಣೆ ಮಾಡಿಸಿದ: ಪಾಳಿ ಮುರಿಯಬಾರದು. ಹೊಸ ಡ್ರೈವರ್ ಬಂದರೆ ಅವನೂ ಮುಟ್ಟಬೇಕು. ಆ ಭಂಡಾರದ ಚೀಲ ಅವನ ಗಾಡಿಯಲ್ಲಿ ಸ್ಟೇರಿಂಗಿನ ಮೇಲ್ಗಡೆ ಇನ್ನೂ ತೂಗುತ್ತದೆ. ಭಂಡಾರದ ಮೇಲೆ ಕೈ ಇಟ್ಟು ಈ ಕಡೆಯ ಜನ ಸುಳ್ಳು ಹೇಳುವುದಿಲ್ಲ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಆದರೆ ಕೋರ್ಟಿನಲ್ಲಿ ಮಾಡುವ ಪ್ರಮಾಣಕ್ಕಿಂತ ಅದು ಚೆನ್ನಾಗಿ ನಡೆಯುತ್ತದೆಂದು ಕಂಡಿದ್ದೇನೆ.

ಪಾಳಿಯ ವಿಷಯದಲ್ಲಿ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜನ ಹೊಸ ಗಾಡಿ ಹತ್ತಲು ನೋಡುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಅವನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಬ್ಯಾಡೋ ಯಪ್ಪಾ. ಆ ಹೊಸಾದು ಐತಲ್ಲ, ಅದರಾಗ ಕುಂಡ್ರತೇನಿ."

"ಅದರಾಗ ಕುಂಡ್ರಬೇಕಂದ್ರ ಇನ್ನೊಂದು ತಾಸು ಕಟ್ಟಿ ಮ್ಯಾಲ ಕುಂಡ್ರಬೇ. ಪಾಳಿ ಇದರದು."

"ಇದು ನೇಸರಗಿ ಮುಟ್ಟತೈತೇನು?"

"ನಿನಗಿಂತ ಸಣ್ಣದೈತಿ. ಹತ್ತು."

ಮುದುಕಿ ಬೈಯುತ್ತಲೇ ಹತ್ತಿದಳು. ಗಾಡಿ ನೇಸರಗಿ ಮುಟ್ಟಿತು. ಯಾವಾಗಲೂ ಮುಟ್ಟುತ್ತಿತ್ತು. ಆದರೆ ಚಾಲೂ ಆಗಲು ತಡ ಮಾಡುತ್ತಿತ್ತು. ಹತ್ತೊಂಬತ್ತು ವರ್ಷದ ಎಂಜಿನ್ನು. ಮುಂಜಾನೆ ಇಬ್ಬರು ಹಿಂದಿನಿಂದ ತಳ್ಳಬೇಕಾಗುತ್ತಿತ್ತು. ತಳ್ಳುವವರು ಉಳಿದ ಡ್ರೈವರರೇ.

ಅವರಲ್ಲಿ ಮಾಂತೇಶ ಎಂಬವನಿದ್ದಾನೆ. ಮೂವತ್ತನಾಲ್ಕು ವರ್ಷ, ಪಿಯುಸಿ ಓದಿದ್ದಾನೆ, ನೇಸರಗಿಯಲ್ಲಿ ಮಲಕಾಜಪ್ಪನ ಹಳೆಯ ಮನೆಯ ಓಣಿಯವನು. ಅವನಿಗೆ ಗಾಡಿ ಹೊಡೆಯಲು ಕಲಿಸಿದವನು ಮಲಕಾಜಪ್ಪ. ಲೈಸೆನ್ಸ್ ಪರೀಕ್ಷೆಗೆ ಕರೆದುಕೊಂಡು ಹೋದವನೂ ಅವನೇ. ಮಾಂತೇಶ ಅವನನ್ನು ಕಾಕಾ ಎನ್ನುತ್ತಾನೆ. ಮೂರು ವರ್ಷದ ಹಿಂದೆ ಮಾಂತೇಶನ ತಾಯಿ ಮರೆವ್ವನಿಗೆ ಊರಲ್ಲಿ ಮೈ ಹುಷಾರಿಲ್ಲದೆ ದವಾಖಾನೆಗೆ ಸೇರಿಸಿದ್ದರು. ಸುದ್ದಿ ಬಂದಾಗ ಅವನ ಕೈಯಲ್ಲಿ ಏಳನೇ ಬಿಲ್ಲೆ ಇತ್ತು. ತುಂಬಿದ ಗಾಡಿ ತೆಗೆದುಕೊಂಡು ಹೋಗುತ್ತೇನೆ, ನನ್ನನ್ನು ಮುಂದೆ ಬಿಡಿ ಎಂದು ಕೇಳಿದ. ಮಲಕಾಜಪ್ಪ, "ಖಾಲಿ ಹೋಗತಿದ್ರ ಈಗ ಹೋಗು. ಪ್ಯಾಸಿಂಜರ್ ಬೇಕಂದ್ರ ಪಾಳಿ" ಎಂದ. ಮಾಂತೇಶ ಖಾಲಿ ಗಾಡಿ ಹೊಡೆದುಕೊಂಡು ಹೋದ. ಮರೆವ್ವ ಬದುಕಿ ಮನೆಗೆ ಬಂದಳು. ಮಲಕಾಜಪ್ಪ ಆ ಮಾತನ್ನು ಅಲ್ಲಿಗೇ ಮರೆತ. ಮಾಂತೇಶ ಮರೆತಿರಲಿಲ್ಲ.

ಈಗ ಫೆಬ್ರವರಿಯ ಮಾತು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಪೇಟೆಯೊಳಗೇ ನುಗ್ಗುತ್ತವೆ. ರಸ್ತೆಯ ಎರಡೂ ಮಗ್ಗಲು ಮೋಟಾರ್ ಸೈಕಲ್ಲು, ಅವುಗಳ ಮುಂದೆ ಹಣ್ಣಿನ ಗಾಡಿ, ಅದರ ಮುಂದೆ ಟಂಟಂ. ಒಂದು ದಿನ ಮಧ್ಯಾಹ್ನ ಹೂಲಿಯ ಕಡೆಯಿಂದ ಬಂದ ಆಂಬುಲೆನ್ಸ್ ಬೇವಿನ ಗಿಡದ ಹತ್ತಿರ ಸಿಕ್ಕಿಕೊಂಡಿತು. ಒಳಗೆ ಹೆರಿಗೆಯ ಹೆಣ್ಣುಮಗಳಿದ್ದಳು. ಎಲ್ಲರೂ ಹಿಂದೆ ಮುಂದೆ ಸರಿದು ದಾರಿ ಮಾಡಿದರು. ಸರಿಯದೆ ಉಳಿದದ್ದು ಒಂದೇ ಗಾಡಿ. ಮಲಕಾಜಪ್ಪನದು. ಅವನು ಪಾಳಿಯಲ್ಲಿ ಮುಂದೆ ಬಂದು ರಸ್ತೆಗೆ ಅಡ್ಡಲಾಗಿ ತಿರುಗಿಸಿದ್ದ, ಎಂಜಿನ್ನು ಬಂದಾಯಿತು, ಮತ್ತೆ ಚಾಲೂ ಆಗಲಿಲ್ಲ. ತಳ್ಳೋಣವೆಂದರೆ ಮುಂದೆ ಟ್ರ್ಯಾಕ್ಟರು. ಇಪ್ಪತ್ತು ನಿಮಿಷ ಆಯಿತು. ನಾನು ಗೇಟಿನಲ್ಲಿ ನಿಂತು ನೋಡಿದ್ದೇನೆ. ತಾಯಿ, ಕೂಸು ಎರಡೂ ಉಳಿದವು. ಆದರೆ ಆ ಹೆಣ್ಣುಮಗಳ ಅತ್ತೆ ಆಂಬುಲೆನ್ಸಿನ ಬಾಗಿಲು ತೆರೆದು ಹೊರಗೆ ಬಂದು ಮಲಕಾಜಪ್ಪನನ್ನು ನೋಡಿದ ರೀತಿ ನನಗೆ ನೆನಪಿದೆ.

ಎರಡು ದಿನ ಅವನು ಗಾಡಿ ತರಲಿಲ್ಲ. ಮೂರನೆಯ ದಿನ ನೇರ ಠಾಣೆಗೆ ಹೋಗಿ ಫೌಜದಾರರನ್ನು ಕಂಡ. ಬೇರೆ ಊರುಗಳಲ್ಲಿ ಇರುವಂತೆ ಇಲ್ಲೂ ಸಮ-ಬೆಸ ಮಾಡಬೇಕು ಎಂದ: ಬೆಸ ತಾರೀಖಿಗೆ ಎಲ್ಲ ಗಾಡಿಗಳೂ ಬೇವಿನ ಗಿಡದ ಮಗ್ಗಲು, ಸಮ ತಾರೀಖಿಗೆ ಎದುರಿನ ಔಷಧದ ಅಂಗಡಿಯ ಮಗ್ಗಲು, ಇನ್ನೊಂದು ಮಗ್ಗಲು ಖಾಲಿ. ಹನ್ನೆರಡು ಟಂಟಂಗಳಲ್ಲಿ ಐದು ಮಾತ್ರ ಪೇಟೆಯೊಳಗೆ, ಬಿಳಿ ಗೆರೆಯ ಒಳಗೆ. ಉಳಿದವು ಊರ ಹೊರಗಿನ ಮೈದಾನದಲ್ಲಿ ಕಾಯಬೇಕು. ಒಂದು ಹೋದರೆ ಒಂದು ಒಳಗೆ. ಪಾಳಿ ಹೇಗೆ ನಡೆಸುವುದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಫೌಜದಾರರು ಕೂಡಿಸಿ ಚಹಾ ಕೊಟ್ಟರಂತೆ. ಆಗ ಅವನು ಇನ್ನೊಂದು ಮಾತು ಹೇಳಿದ. ಮಾಂತೇಶ ಮತ್ತು ಇನ್ನಿಬ್ಬರು ಡ್ರೈವರರು ಜೊತೆಗಿದ್ದರು.

"ಸಾಹೇಬ್ರ, ಒಂದು ತೊಡಕೈತಿ. ಮೂವತ್ತೊಂದು ಬೆಸ. ಅದರ ಮರುದಿನ ಒಂದು, ಅದೂ ಬೆಸ. ಎರಡು ದಿನ ಒಂದ ಮಗ್ಗಲು ಬರತೈತಿ. ಮಂದಿ ದಿನಾ ಮಗ್ಗಲು ಬದಲಿ ಮಾಡಿ ರೂಢಿ ಆಗಿರತಾರ, ತಾರೀಖು ಯಾರು ನೋಡತಾರ? ತಪ್ಪಿ ನಿಂದ್ರಸತಾರ."

"ವರ್ಷದಾಗ ಏಳು ಸಲ ಬರತೈತಿ. ಅದಕ್ಕ ನಾ ಏನು ಮಾಡ್ಲೋ?" ಎಂದರು ಫೌಜದಾರರು.

"ನೀವೇನು ಮಾಡಬ್ಯಾಡ್ರಿ. ಆ ದಿನ ಮುಂಜಾನೆ ನಾ ಬಂದು ರಸ್ತೆದಾಗ ನಿಂತು ಹೇಳತೇನಿ."

ಮಾಂತೇಶ ನಕ್ಕು, "ಕಾಕಾ ಪಂಚಾಂಗ ಓದಲಿಕ್ಕೆ ಹತ್ಯಾರ" ಎಂದನಂತೆ. ಎಲ್ಲರೂ ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತು.

ನಿಯಮ ಬರಬೇಕಾದರೆ ಗಾಡಿಯವರದೂ ಅಂಗಡಿಯವರದೂ ಒಪ್ಪಿಗೆ ಬೇಕು, ಬರೆದು ಕೊಡಿ ಎಂದು ಫೌಜದಾರರು ಹೇಳಿ ಕಳುಹಿಸಿದರು. ಮಾರ್ಚ್ ನಡುವೆ ಅರ್ಜಿ ಬರೆದವನು ಮಾಂತೇಶ. ಟೈಪು ಮಾಡಿಸಿಕೊಂಡು ಬಂದು ಬೇವಿನ ಗಿಡದ ಕೆಳಗೆ ಎಲ್ಲ ಡ್ರೈವರರ ಎದುರಿಗೆ ಮಲಕಾಜಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ. ಐದು ಅಂಶಗಳು. ಐದೂ ಮಲಕಾಜಪ್ಪ ಹೇಳಿದಂತೆಯೇ ಇದ್ದವು. ಓದಿ ಹಾಳೆಯನ್ನು ಕೈಗೆ ಕೊಟ್ಟ. ಮಲಕಾಜಪ್ಪ ಅದನ್ನು ದೂರ ಹಿಡಿದು ನೋಡಿ ಕೆಳಗೆ ಸೈ ಹಾಕಿದ. ಹಾಳೆಯ ಹಿಂದೆಯೂ ಬರೆದಿತ್ತು.

ಅಂದು ಮಧ್ಯಾಹ್ನ ಅವನು ಆ ಹಾಳೆ ಹಿಡಿದು ನಮ್ಮ ಮನೆಗೆ ಬಂದಿದ್ದ. "ಅಕ್ಕಾರ, ಒಂದೀಟು ಕಣ್ಣ ಹಾಯಿಸ್ರಿ" ಎಂದ. ನಾನು ಊಟಕ್ಕೆ ಕುಳಿತಿದ್ದೆ. ನಾಲ್ಕಕ್ಕೆ ಬಾ ಎಂದೆ. ಅವನು ನಾಲ್ಕಕ್ಕೆ ಬರಲಿಲ್ಲ. ಮಾಂತೇಶ ಓದಿದ್ದಾನಲ್ಲ ಎಂದು ಅಂಗಡಿಗಳ ಕಡೆ ಹೊರಟುಹೋದ. ಅದು ನನ್ನ ತಪ್ಪೆಂದು ನಾನು ತಿಳಿಯುವುದಿಲ್ಲ. ಮರೆತೂ ಇಲ್ಲ.

ಅಂಗಡಿಯವರು ಸುಲಭವಾಗಿ ಸೈ ಹಾಕುವ ಜನ ಅಲ್ಲ. ದಿನ ಬಿಟ್ಟು ದಿನ ತಮ್ಮ ಬಾಗಿಲ ಮುಂದೆ ಗಿರಾಕಿಯ ಗಾಡಿ ನಿಲ್ಲುವಂತಿಲ್ಲ ಎಂದರೆ ಯಾರು ಒಪ್ಪುತ್ತಾರೆ? ಬಟ್ಟೆ ಅಂಗಡಿಯ ನಿಜಗುಣಪ್ಪನವರು ಹಾಕಿದರೆ ಉಳಿದವರು ಹಾಕುತ್ತಾರೆಂದು ಮಲಕಾಜಪ್ಪನಿಗೆ ಗೊತ್ತಿತ್ತು. ಮೊದಲು ಅಲ್ಲಿಗೇ ಹೋದ.

"ಓದೀಯೇನು ಮಲಕಾಜಪ್ಪ?" ಎಂದು ನಿಜಗುಣಪ್ಪ ಕೇಳಿದರು.

"ಓದೇನ್ರಿ ಸಾವಕಾರ್ರ."

"ಪೂರಾ?"

"ಪೂರಾ. ಒಂದಕ್ಷರ ಬಿಟ್ಟಿಲ್ಲ."

"ಹಂಗಾದ್ರ ನಾ ಓದೂದಿಲ್ಲ. ನನ್ನ ಚಾಳೀಸನೂ ಮನ್ಯಾಗ ಐತಿ" ಎಂದು ನಕ್ಕು ನಿಜಗುಣಪ್ಪ ಸೈ ಹಾಕಿದರು. ಅದೇ ಮಾತನ್ನು ಮಲಕಾಜಪ್ಪ ಮೂವತ್ತೆಂಟು ಅಂಗಡಿಗಳಲ್ಲಿ ಹೇಳಿದ: ನಾನು ಓದಿದ್ದೇನೆ. ಮೂವತ್ತೆಂಟು ಜನರೂ ಅವನ ಮಾತಿನ ಮೇಲೆ ಸೈ ಹಾಕಿದರು. ಬೇರೆ ಯಾವ ಡ್ರೈವರ್ ಹೋಗಿದ್ದರೂ ಎಂಟು ಸೈ ಸಿಗುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ಕರಡು ಆದೇಶ ಬಂತು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು ಎಂದು ಔಷಧದ ಅಂಗಡಿಯ ಪಕ್ಕದ ಫಲಕಕ್ಕೆ ಹಚ್ಚಿದ್ದರು. ನಾನು ಪೇಟೆಯಿಂದ ಬರುತ್ತಿದ್ದೆ. ಮಲಕಾಜಪ್ಪ ಅದರ ಮುಂದೆ ನಿಂತಿದ್ದ. ಮದುವೆ ಗೊತ್ತಾದವನಂತೆ ಖುಷಿಯಲ್ಲಿದ್ದ.

"ಬಂತ ನೋಡ್ರಿ ಅಕ್ಕಾರ. ಓದ್ರಿ, ಕೇಳತೇನಿ."

ನಾನು ಓದಿದೆ. ಐದನೆಯದು ಮುಗಿಯಿತು. ಅವನು ಹೊರಡಲು ತಿರುಗಿದ್ದ. ನಾನು ಆರನೆಯದನ್ನು ಓದಿದೆ: ಅರ್ಜಿದಾರರೇ ಕೋರಿಕೊಂಡಂತೆ, ಹದಿನೈದು ವರ್ಷ ಮೀರಿದ ಸವಾರಿ ವಾಹನಗಳಿಗೆ ಪೇಟೆಯೊಳಗಿನ ನಿಲ್ದಾಣದಲ್ಲಿ ಅವಕಾಶವಿರುವುದಿಲ್ಲ.

"ಇನ್ನೊಮ್ಮೆ ಓದ್ರಿ."

ಓದಿದೆ.

"ಅರ್ಜಿದಾರರು ಅಂದ್ರ?"

"ಅರ್ಜಿ ಕೊಟ್ಟವರು. ನೀನು."

ಹನ್ನೆರಡು ಗಾಡಿಗಳಲ್ಲಿ ಹದಿನೈದು ವರ್ಷ ಮೀರಿದ್ದು ಒಂದೇ. ಅದನ್ನು ನಾನು ಹೇಳಬೇಕಾಗಿರಲಿಲ್ಲ. ಅವನು ಫಲಕದ ಹತ್ತಿರ ಹೋಗಿ ಆ ಸಾಲಿನಲ್ಲಿದ್ದ ಹದಿನೈದು ಎಂಬ ಅಂಕಿಯ ಮೇಲೆ ಬೆರಳಿಟ್ಟ. ಅಂಕಿ ಅವನಿಗೆ ಓದಲು ಬರುತ್ತದೆ.

ಮರುದಿನ ಬೆಳಿಗ್ಗೆ ಅವನು ಬಿಲ್ಲೆ ಹಂಚಲಿಲ್ಲ. ಎಲ್ಲ ಡ್ರೈವರರೂ ಬರುವ ತನಕ ಕಾದ. ಆಮೇಲೆ ಗಾಡಿಯೊಳಗಿನ ಭಂಡಾರದ ಚೀಲ ಬಿಚ್ಚಿ ಅಂಗೈಯಲ್ಲಿ ಹಿಡಿದು ಮಾಂತೇಶನನ್ನು ಕರೆದ. ಮಾತೆಲ್ಲ ನನ್ನ ಕಂಪೌಂಡಿನ ಈಚೆಗೆ ಕೇಳುತ್ತಿತ್ತು.

"ಇದರ ಮ್ಯಾಲ ಕೈ ಇಡು."

"ಯಾಕ ಕಾಕಾ, ಮುಂಜ ಮುಂಜಾನೆ?"

"ಇಡು."

ಮಾಂತೇಶ ಕೈ ಇಟ್ಟ.

"ಆರನೇದ್ದು ನೀ ಓದಲಿಲ್ಲ."

"ಓದಲಿಲ್ಲ."

"ಮರತೋ, ಬೇಕಂತೋ?"

"ಬೇಕಂತ."

"ಇವರಿಗೆ ಗೊತ್ತಿತ್ತೇನು?"

ಮಾಂತೇಶ ಕೈ ತೆಗೆಯಲಿಲ್ಲ. "ಎಲ್ಲಾರಿಗೂ ಗೊತ್ತಿತ್ತು ಕಾಕಾ. ಬರಿಯೂ ದಿನ ಎಲ್ಲಾರೂ ಇದ್ವಿ. ನೀವು ನೇಸರಗಿಗೆ ಹೋಗಿದ್ರಿ."

"ಎರಡೂವರಿ ತಿಂಗಳಾತು. ದಿನಾ ನನ್ನ ಜೋಡಿ ಚಾ ಕುಡದೀರಿ. ಒಬ್ಬನೂ ಬಾಯಿ ಬಿಡಲಿಲ್ಲ."

"ಹೇಳಿದ್ರ ನೀವು ಸೈ ಹಾಕತಿದ್ದಿಲ್ಲ. ನೀವು ಹಾಕಲಿಲ್ಲಂದ್ರ ಸಾವಕಾರ್ರು ಯಾರೂ ಹಾಕತಿದ್ದಿಲ್ಲ." ಮಾಂತೇಶ ದನಿ ಏರಿಸದೆ ಹೇಳುತ್ತಿದ್ದ. "ಅವತ್ತು ಆಂಬುಲೆನ್ಸಿಗೆ ಅಡ್ಡ ನಿಂತದ್ದು ಯಾರ ಗಾಡಿ? ನಾಳೆ ಮತ್ತ ನಿಂತ್ರ ಮಂದಿ ಹನ್ನೆರಡೂ ಗಾಡಿ ಸುಡತಾರ. ದಿನಾ ತಳ್ಳಿ ತಳ್ಳಿ ನಮ್ಮ ರಟ್ಟಿ ಹೋಗ್ಯಾವ."

"ಎದುರಿಗೆ ಹೇಳಬೇಕಿತ್ತು."

"ಎದುರಿಗೆ ಹೇಳಿದವರಿಗೆ ನೀವೇನು ಅಂತೀರಿ? ಪಾಳಿ ಅಂದ್ರ ಪಾಳಿ. ನಮ್ಮವ್ವ ದವಾಖಾನ್ಯಾಗ ಇದ್ದಾಗೂ ಅದನ್ನ ಅಂದ್ರಿ."

ಮಲಕಾಜಪ್ಪ ಭಂಡಾರದ ಚೀಲ ಕಟ್ಟಿದ. ಕನ್ನಡಿಯ ಕೊಂಡಿಯಿಂದ ಬಿಲ್ಲೆಗಳ ತಂತಿ ತೆಗೆದು ಮಾಂತೇಶನ ಗಾಡಿಯ ಸೀಟಿನ ಮೇಲೆ ಇಟ್ಟ. "ಇನ್ನ ನೀವ ಹಂಚಕೋರಿ" ಎಂದ.

ಆರನೆಯ ಅಂಶ ತಪ್ಪೆಂದು ನಾನು ಹೇಳಲಾರೆ. ಆ ಗಾಡಿ ಪೇಟೆಯೊಳಗೆ ನಿಲ್ಲಲು ತಕ್ಕದ್ದಾಗಿರಲಿಲ್ಲ. ಆದೇಶ ಹೊರಡಿಸಿದ ಆಫೀಸಿನವರ ತಪ್ಪೂ ಇಲ್ಲ. ಅವರ ಮುಂದೆ ಬಂದ ಕಾಗದದಲ್ಲಿ ಏನಿತ್ತೋ ಅದನ್ನು ಬರೆದರು. ಆದರೆ ಒಬ್ಬ ಮನುಷ್ಯನ ಹೆಸರನ್ನು ಬಳಸಿ ಸೈ ಕೂಡಿಸಿ, ಅದೇ ಕಾಗದದ ಬೆನ್ನಿನಲ್ಲಿ ಅವನನ್ನು ಹೊರಗೆ ಹಾಕುವ ಸಾಲು ಬರೆಯುವುದಕ್ಕೆ ಮೋಸವಲ್ಲದೆ ಬೇರೆ ಹೆಸರಿಲ್ಲ. ಮಾಂತೇಶ ಸತ್ಯ ಹೇಳಿದನೆಂದು ಅದು ಕಡಿಮೆಯಾಗುವುದಿಲ್ಲ.

ಆಕ್ಷೇಪಣೆಗೆ ಇನ್ನೂ ಇಪ್ಪತ್ತೊಂಬತ್ತು ದಿನವಿತ್ತು. ನಾನೇ ಮಲಕಾಜಪ್ಪನನ್ನು ಕರೆಸಿದೆ. ಮನೆಯಲ್ಲಿ ಕುಳಿತು ಒಂದು ಪುಟದ ಆಕ್ಷೇಪಣೆ ಬರೆದೆ. ಗಾಡಿ ದುರಸ್ತಿ ಮಾಡಿಸಲು ಆರು ತಿಂಗಳು ಕೊಡಿ, ಅಲ್ಲಿಯ ತನಕ ನಿಲ್ದಾಣದಲ್ಲಿ ಜಾಗ ಉಳಿಸಿ ಎಂದು ಕೇಳಿದ್ದೆ. ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಅವನಿಗೆ ಓದಿ ಹೇಳಿದೆ, ಎರಡೂ ಮಗ್ಗಲು ತೋರಿಸಿ. ಮೂರನೆಯ ವಾಕ್ಯಕ್ಕೆ ಅವನು ಕೈ ಎತ್ತಿ ನಿಲ್ಲಿಸಿದ. ಅಲ್ಲಿ ಹೀಗಿತ್ತು: ಆರನೆಯ ಅಂಶವನ್ನು ನಾನು ಓದಿರಲಿಲ್ಲ, ನನಗೆ ಯಾರೂ ಓದಿ ಹೇಳಿರಲಿಲ್ಲ.

"ಈ ಮಾತು ತಗೀರಿ ಅಕ್ಕಾರ."

"ಅದನ್ನು ತೆಗೆದರೆ ಉಳಿಯುವುದೇನು? ನೀನೇ ಕೇಳಿಕೊಂಡದ್ದನ್ನು ನೀನೇ ಬೇಡ ಎಂದಂತೆ ಆಗುತ್ತದೆ."

"ನಾ ಓದಿಲ್ಲ ಅಂತ ಬರದು ಕೊಟ್ರ, ಸಾವಕಾರ್ರಿಗೆ ಓದೇನಿ ಅಂದದ್ದೇನಾತು? ಮೂವತ್ತೆಂಟು ಮಂದಿಗೆ ಹೇಳೇನ್ರಿ. ಪೂರಾ ಓದೇನಿ ಅಂತ."

"ಅದು ಸುಳ್ಳಾಗಿತ್ತು. ಈಗ ಒಪ್ಪಿಕೋ."

"ಇಪ್ಪತ್ತಾರು ವರ್ಷ ನನ್ನ ಬಾಯಿ ಮಾತಿನ ಮ್ಯಾಲ ಈ ಸ್ಟ್ಯಾಂಡ್ ನಡದೈತ್ರಿ. ಅದನ್ನ ಬಿಟ್ಟು ಜಾಗಾ ತಗೊಂಡು ಏನು ಮಾಡ್ಲಿ?"

"ಜಾಗವೂ ಇಲ್ಲದೆ ಬಾಯಿ ಮಾತು ತೆಗೆದುಕೊಂಡು ಏನು ಮಾಡುತ್ತೀ?" ಎಂದೆ. ಅವನು ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದ.

ವಾರದ ಮೇಲೆ ಬಾಯವ್ವ ಬಂದಳು. ಗಂಡನನ್ನು ಹಿಂದೆ ಹಾಕಿಕೊಂಡೇ ಬಂದಿದ್ದಳು. ಅವನು ಒಳಗೆ ಬರದೆ ಗೇಟಿನಲ್ಲಿ ನಿಂತ.

"ನೀವಾದ್ರೂ ಹೇಳ್ರಿ ಅಕ್ಕಾರ. ಊರ ಮಂದಿಗೆಲ್ಲಾ ಪಾಳಿ ಹಚ್ಚಾಂವ, ತನ್ನ ಪಾಳಿ ಹೋದಾಗ ಬಾಯಿ ಇಲ್ಲ. ಓದಾಕ ಬರೂದಿಲ್ಲ ಅಂದ್ರ ಏನು ಹೊಕ್ಕೈತಿ? ನನಗೂ ಬರೂದಿಲ್ಲ. ನಾ ಏನು ಸತ್ತೇನೇನು?"

"ನೀ ಮೂವತ್ತೆಂಟು ಅಂಗಡಿ ಹತ್ತಿಲ್ಲ" ಎಂದ ಮಲಕಾಜಪ್ಪ, ಗೇಟಿನಿಂದಲೇ.

"ಹೌದು, ನಾ ಹತ್ತಿಲ್ಲ. ಹತ್ತಿದ್ರ ಹಾಳಿ ಹೊಳ್ಳಿಸಿ ನೋಡತಿದ್ದೆ. ರೊಟ್ಟಿನೂ ಎರಡೂ ಮಗ್ಗಲು ನೋಡಿ ತಗೀತೇವಿ."

ನಾನು ನಗಲಿಲ್ಲ, ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಗೇಟಿಗೆ ಹೋಗಿ ಹಾಳೆಯನ್ನು ಅವನ ಮುಂದೆ ಮತ್ತೊಮ್ಮೆ ಹಿಡಿದೆ, ಪೆನ್ನು ಕೊಟ್ಟೆ. ಅವನು ಪೆನ್ನು ತೆಗೆದುಕೊಂಡು ಮರಳಿ ಕೊಟ್ಟ. ಗಡುವು ಮುಗಿಯಿತು. ಸೈ ಇಲ್ಲದ ಆ ಆಕ್ಷೇಪಣೆ ಇಂದಿಗೂ ನನ್ನ ಮೇಜಿನಲ್ಲಿದೆ. ಅದನ್ನು ಪ್ರಾಮಾಣಿಕತೆ ಎಂದು ಕೆಲವರು ಹೊಗಳಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಹಟ. ಓದಲು ಬಾರದ ನಾಚಿಕೆಯನ್ನು ಮುಚ್ಚಲು ಒಂದು ಸುಳ್ಳು ಹೇಳಿದ, ಆ ಸುಳ್ಳನ್ನು ಕಾಯಲು ಜಾಗ ಕಳೆದುಕೊಂಡ.

ಜುಲೈ ಐದರಿಂದ ನಿಯಮ ಜಾರಿಗೆ ಬಂತು. ಚೆನ್ನಾಗಿಯೇ ನಡೆಯಿತು. ರಸ್ತೆ ಅಗಲವಾಯಿತು, ಬಸ್ಸು ನಿಲ್ಲದೆ ಹೋಗತೊಡಗಿತು. ಜನ ಒಂದು ವಾರದಲ್ಲಿ ರೂಢಿಯಾದರು: ಇಂದು ಈ ಮಗ್ಗಲಾದರೆ ನಾಳೆ ಆ ಮಗ್ಗಲು. ಡ್ರೈವರರು ತಂತಿಯ ಬಿಲ್ಲೆ ಬಿಟ್ಟು ಮೊಬೈಲಿನಲ್ಲಿ ಗುಂಪು ಮಾಡಿಕೊಂಡು ಪಾಳಿ ಹಂಚುತ್ತಿದ್ದರು. ಮಲಕಾಜಪ್ಪ ಊರ ಹೊರಗಿನ ಮೈದಾನದಲ್ಲಿ ನಿಲ್ಲುತ್ತಿದ್ದ. ಗಂಟು ಹೊತ್ತ ಹೆಂಗಸರು ಅಲ್ಲಿಯ ತನಕ ನಡೆದು ಬರುವುದಿಲ್ಲ. ಎರಡು ವಾರ ನೋಡಿ, ಗಾಡಿಯ ಸೀಟು ಬಿಚ್ಚಿಸಿ ಮಾಲು ಹೇರಲು ಶುರು ಮಾಡಿದ. ಉಳ್ಳಾಗಡ್ಡಿ, ಜೋಳದ ಚೀಲ, ಒಮ್ಮೊಮ್ಮೆ ಸಿಮೆಂಟು. ಮಾಲು ಇಳಿಸಲು ಪೇಟೆಗೆ ಬರಲು ಅಡ್ಡಿಯಿರಲಿಲ್ಲ, ಆ ದಿನದ ಮಗ್ಗಲಿನಲ್ಲಿ, ನಿಲ್ದಾಣದ ಬಿಳಿ ಗೆರೆಯ ಆಚೆ ನಿಲ್ಲಿಸಿದರೆ ಸಾಕು.

ಜುಲೈ ಮೂವತ್ತೊಂದರ ಸಂಜೆ ಅವನು ಬೇವಿನ ಗಿಡದ ಪಕ್ಕದ ಚಹಾದಂಗಡಿಯಲ್ಲಿ ಕುಳಿತಿದ್ದ. ಆಚೆಯ ಬೆಂಚಿನಲ್ಲಿ ಡ್ರೈವರರು. ಮಾಂತೇಶ ಯಾರಿಗೋ ಹೇಳುತ್ತಿದ್ದ: "ನಾಳೆ ಔಷಧದ ಮಗ್ಗಲು. ಅಲ್ಲಿ ರಾಡಿ ಭಾಳ ಐತಿ, ಲಗೂ ಬಂದು ಛಲೋ ಜಾಗಾ ಹಿಡೀರಿ." ಮಲಕಾಜಪ್ಪ ಕೇಳಿಸಿಕೊಂಡ. ನಾಳೆ ಒಂದು, ಅದೂ ಬೆಸ ಎಂಬ ಮಾತು ಬಾಯಿಗೆ ಬಂದಿತ್ತು ಎಂದು ಅವನೇ ಆಮೇಲೆ ನನಗೆ ಹೇಳಿದ. ಚಹಾ ಕುಡಿದು ಎದ್ದು ಹೋದನಂತೆ.

ಆಗಸ್ಟ್ ಒಂದರ ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಗೇಟಿಗೆ ಬಂದಾಗ ನಾನೂ ತಾರೀಖಿನ ಬಗ್ಗೆ ಯೋಚಿಸಿರಲಿಲ್ಲ. ಐದು ಟಂಟಂಗಳೂ ಔಷಧದ ಅಂಗಡಿಯ ಮಗ್ಗಲು ಸಾಲಾಗಿ ನಿಂತಿದ್ದವು. ಮೋಟಾರ್ ಸೈಕಲ್ಲುಗಳೂ ಅಲ್ಲೇ. ನಿಜಗುಣಪ್ಪನವರ ಸ್ಕೂಟರೂ ಅಲ್ಲೇ. ಬೇವಿನ ಮಗ್ಗಲು ಇದ್ದದ್ದು ಒಂದೇ ಗಾಡಿ, ಬಿಳಿ ಗೆರೆಯ ಆಚೆ. ಮಲಕಾಜಪ್ಪ ಅದರಿಂದ ಉಳ್ಳಾಗಡ್ಡಿ ಚೀಲ ಇಳಿಸುತ್ತಿದ್ದ. ಇಳಿಸಿ ಮುಗಿದ ಮೇಲೂ ಹೋಗಲಿಲ್ಲ. ಚಹಾ ಹೇಳಿ ಕಟ್ಟೆಯ ಮೇಲೆ ಕುಳಿತ.

ಒಂಬತ್ತಕ್ಕೆ ಫೌಜದಾರರು ಇಬ್ಬರು ಪೇದೆಗಳ ಜೊತೆ ಬಂದರು. ಒಂದೂ ಬಿಡದೆ ಗಾಲಿಗಳಿಗೆ ಸರಪಳಿ ಹಾಕಿಸಿದರು. ಮೊದಲು ಗಲಾಟೆ, ಆಮೇಲೆ ಲೆಕ್ಕಾಚಾರ, ಕೊನೆಗೆ ಒಬ್ಬೊಬ್ಬರಾಗಿ ಸುಮ್ಮನಾದರು. ತುಂಬಿದ ಗಾಡಿಯಿಂದ ಜನ ಬೈಯುತ್ತ ಇಳಿದರು. ನಿಜಗುಣಪ್ಪ ಅಂಗಡಿಯ ಮೆಟ್ಟಿಲ ಮೇ‌ಲೆ ನಿಂತು ತಮ್ಮ ಸ್ಕೂಟರಿಗೆ ಸರಪಳಿ ಹಾಕುವುದನ್ನು ನೋಡಿದರು. ಆಮೇಲೆ ರಸ್ತೆಯ ಈಚೆಗಿನ ಒಂದೇ ಗಾಡಿಯನ್ನು ನೋಡಿದರು. ಒಳಗೆ ಹೋದರು.

ಮಾಂತೇಶ ರಸ್ತೆ ದಾಟಿ ಬಂದ.

"ಕಾಕಾ, ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ನಿನ್ನೆ ಇಲ್ಲೇ ಕುಂತಿದ್ರಿ. ನಾ ಹೇಳಿದ್ದು ಕೇಳೀರಿ."

"ಕೇಳೇನಿ."

"ಒಂದ ಮಾತು ಹೇಳಬಾರದಿತ್ತೇನು?"

ಮಲಕಾಜಪ್ಪ ಲೋಟ ಕೆಳಗಿಟ್ಟ. "ನೀವು ಹನ್ನೊಂದು ಮಂದಿ ಎರಡೂವರಿ ತಿಂಗಳು ಹೇಳಲಿಲ್ಲ. ನಾ ಒಬ್ಬಾಂವ, ಒಂದು ರಾತ್ರಿ."

ಮಾಂತೇಶ ಅಲ್ಲೇ ನಿಂತಿದ್ದ. ಅಷ್ಟರಲ್ಲಿ ಫೌಜದಾರರು ಈ ಕಡೆಗೆ ಬಂದರು. ಅವರಿಗೆ ಫೆಬ್ರವರಿಯ ಮಾತು ಆಗಷ್ಟೇ ನೆನಪಾದಂತಿತ್ತು.

"ಏ ಮಲಕಾಜಪ್ಪ, ಮೂವತ್ತೊಂದರ ಮರುದಿನ ಬಂದು ನಿಂತು ಹೇಳತೇನಿ ಅಂದಿದ್ದೆಲ್ಲ. ಕೊಟ್ಟ ಮಾತು ಏನಾತು?"

ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಎದ್ದು ನಿಂತ.

"ಮಾತು ಕೊಟ್ಟಾಗ ನನ್ನ ಗಾಡಿ ಈ ಗೆರಿ ಒಳಗಿತ್ತು ಸಾಹೇಬ್ರ."

ಫೌಜದಾರರಿಗೆ ಅದು ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಗಾಡಿ ಹತ್ತಿ ಕೀ ತಿರುವಿದ. ಎಂಜಿನ್ನು ಕೆಮ್ಮಿ ನಿಂತಿತು. ಮತ್ತೆ ತಿರುವಿದ, ಮತ್ತೆ ನಿಂತಿತು. ಎದುರು ಮಗ್ಗಲಿನಲ್ಲಿ ಡ್ರೈವರರು ಸರಪಳಿ ಹಾಕಿದ ಗಾಡಿಗಳಿಗೆ ಆತು ನಿಂತು ನೋಡುತ್ತಿದ್ದರು. ಮಾಂತೇಶ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಯಾರೂ ತಳ್ಳಲು ಬರಲಿಲ್ಲ, ಅವನೂ ಕರೆಯಲಿಲ್ಲ. ಕೆಳಗಿಳಿದು, ಬಾಗಿಲ ಕಂಬ ಹಿಡಿದು ಒಬ್ಬನೇ ತಳ್ಳತೊಡಗಿದ. ಔಷಧದ ಅಂಗಡಿಯ ಆಚೆ ರಸ್ತೆ ಸ್ವಲ್ಪ ಇಳಿಜಾರಿದೆ. ಅಲ್ಲಿ ಗಾಡಿ ತಾನೇ ಉರುಳಿತು, ಅವನು ಜಿಗಿದು ಕುಳಿತ. ಎಂಜಿನ್ನು ಹಿಡಿಯಿತು. ಮೈದಾನದ ಕಡೆಗೆ ತಿರುಗುವ ತನಕ ಹೊಗೆ ಕಾಣುತ್ತಿತ್ತು.